ಮನಸ್ಸಿನ ನೋವಿಗೆ ಮಾತಿನ ಮದ್ದು



ಸಕ್ಕರೆ ಕಾಯಿಲೆ ಬಂದರೆ ನಾವು ರೂಮಿನಲ್ಲಿ ಎಲ್ಲರಿಗೂ ಹೇಳುತ್ತೇವೆ. ಬಿ.ಪಿ. ಮಾತ್ರೆಯನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಡುತ್ತೇವೆ. ಆದರೆ ಮೂರು ವಾರದಿಂದ ನಿದ್ದೆ ಬರ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅನ್ನೋದನ್ನು ಪಕ್ಕದ ಮಂಚದವನಿಗೂ ಹೇಳುವುದಿಲ್ಲ. ಊರಿಗೆ ಫೋನ್ ಮಾಡಿದರೆ "ಆರಾಮಿದ್ದೇನೆ, ನೀವೆಲ್ಲ ಹೇಗಿದ್ದೀರಿ?" ಅಷ್ಟೇ. ಅವರಿಗೆ ಯಾಕೆ ಚಿಂತೆ ಅಂತ ನಾವು, ದೂರ ಇರೋರಿಗೆ ಯಾಕೆ ಚಿಂತೆ ಅಂತ ಅವರು. ಹೀಗೆ ಎರಡೂ ಕಡೆ ಮಾತು ನಿಂತುಹೋಗುತ್ತದೆ.

ಬಾಯಿ ಹೇಳದ್ದನ್ನು ಮೈ ಹೇಳುತ್ತದೆ. ತಲೆನೋವು, ಎದೆ ಬಡಿತ, ಗ್ಯಾಸು, ಬೆನ್ನುನೋವು ಅಂತ ಶರಫಿಯಾದ ಕ್ಲಿನಿಕ್ಕಿಗೆ ಹೋಗುತ್ತೇವೆ. ಬರುವಷ್ಟು ಹಿಂದಿಯಲ್ಲಿ ನೋವು ಹೇಳುತ್ತೇವೆ. ಟೆಸ್ಟ್ ಎಲ್ಲ ನಾರ್ಮಲ್. ತಿಂಗಳಾದ ಮೇಲೆ ಮತ್ತೆ ಅದೇ ತಲೆನೋವು.

ನಮ್ಮ ನಾಡಿನ ಮನೋವೈದ್ಯರಿಗೆ ಇದು ಹೊಸ ವಿಷಯವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ಸಕಲವಾರದಲ್ಲಿ, ಆಮೇಲೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಎಲ್ಲದಕ್ಕೂ ದೊಡ್ಡಾಸ್ಪತ್ರೆಗೆ ಓಡಬೇಕಿಲ್ಲ, ಜನರ ಭಾಷೆ ಬಲ್ಲವರು ಹತ್ತಿರದಲ್ಲೇ ಗುರುತಿಸಿ ನೋಡಿಕೊಳ್ಳಬಹುದು ಎಂಬುದು ಅದರ ಸಾರ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅದೇ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳನ್ನು ನಮ್ಮಲ್ಲಿ ಹಲವರು ಓದಿರಬಹುದು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮನಸ್ಸಿನ ವಿಷಯವನ್ನು ಮನೆಮಾತಿನಲ್ಲಿ ಹೇಳಬಹುದು ಅಂತ ತೋರಿಸಿದವರು ಅವರು.

ಮಾತಿನ ಚಿಕಿತ್ಸೆ ಅಂದರೆ ಏನು? ಕನ್ನಡದಲ್ಲಿ ಇದರ ಒಂದು ಬಗೆಗೆ 'ಆಪ್ತಸಮಾಲೋಚನೆ' ಅನ್ನುತ್ತಾರೆ. ಅಲ್ಲಿ ಕೂತವರು ನಮ್ಮ ಸಂಬಂಧಿಕರಲ್ಲ. ಹೇಳಿದ್ದು ಊರಿಗೆ ಮುಟ್ಟುವುದಿಲ್ಲ. ಅವರು ಬುದ್ಧಿ ಹೇಳುವುದೂ ಇಲ್ಲ, ಮೊದಲು ಪೂರ್ತಿ ಕೇಳುತ್ತಾರೆ. ಆಮೇಲೆ ಗಂಟು ಬಿಡಿಸಲು ಜೊತೆಗೆ ಕೂರುತ್ತಾರೆ. ಬ್ಯಾಂಕಿನ ಸಾಲ, ತಂಗಿಯ ಮದುವೆ, ಇಕಾಮಾ, ತಡವಾದ ಸಂಬಳ, ಎಲ್ಲ ಸೇರಿ ಒಂದೇ ಗುಡ್ಡವಾಗಿ ಕಾಣುವಾಗ, ಈ ವಾರ ನಮ್ಮ ಕೈಯಲ್ಲಿ ಇರೋದು ಯಾವುದು, ಇಲ್ಲದ್ದು ಯಾವುದು ಅಂತ ಬೇರೆ ಮಾಡಿಸುತ್ತಾರೆ. ಸಾಲ ಅಲ್ಲೇ ಇರುತ್ತದೆ, ಆದರೆ ಅದನ್ನು ನೋಡುವ ಶಕ್ತಿ ಮರಳುತ್ತದೆ.

ಇದು ಬರೀ ಸಮಾಧಾನದ ಮಾತಲ್ಲ. ನಮ್ಮ ಪಕ್ಕದ ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು, ಡಾಕ್ಟರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂರಿಸಿದರು. ಬಿಟ್ಟುಹೋದ ಸಣ್ಣ ಕೆಲಸಗಳನ್ನು, ನಡೆಯೋದು, ಗೆಳೆಯರನ್ನು ನೋಡೋದು ಮುಂತಾದ್ದನ್ನು, ಮತ್ತೆ ಹಿಡಿಸುವುದೇ ಅದರ ಮುಖ್ಯ ಭಾಗ. ಮೂರು ತಿಂಗಳಲ್ಲಿ ಇವರಲ್ಲಿ ನೂರಕ್ಕೆ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39 ಮಂದಿ. 2017ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು.

ಹಾಗಂತ ರೂಮಿನ ಗೆಳೆಯ ಡಾಕ್ಟರಾಗುವುದಿಲ್ಲ. ಆದರೆ ಮೊದಲ ಕಿವಿ ಆಗಬಹುದು. "ಗಂಡಸಾಗಿ ಇಷ್ಟಕ್ಕೆಲ್ಲ ಹೆದರ್ತೀಯಾ", "ಎಲ್ಲರಿಗೂ ಇದ್ದದ್ದೇ ಮಾರಾಯ" ಅಂದರೆ ಬಾಗಿಲು ಮುಚ್ಚಿದ ಹಾಗೆ. "ಯಾವಾಗಿಂದ ಹೀಗಾಗ್ತಿದೆ ಅಣ್ಣ?" ಅಂತ ಕೇಳಿ ಸುಮ್ಮನೆ ಕೂತರೆ ಸಾಕು. ಪ್ರಾರ್ಥನೆ, ಪೂಜೆ, ನಮಾಜು ಧೈರ್ಯ ಕೊಡುತ್ತವೆ. ಅವುಗಳ ಜೊತೆಗೆ ಡಾಕ್ಟರನ್ನೂ ಕಂಡರೆ ನಂಬಿಕೆಗೇನೂ ಕೊರತೆಯಿಲ್ಲ.

ಬೇಸರ, ನಿದ್ದೆಗೇಡು, ಊಟ ಸೇರದಿರೋದು ಎರಡು ವಾರ ದಾಟಿದರೆ ಡಾಕ್ಟರನ್ನು ಕಾಣಲೇಬೇಕು. ಖಾಸಗಿ ಕಂಪನಿಗಳ ಕಡ್ಡಾಯ ಆರೋಗ್ಯ ವಿಮೆಯಲ್ಲಿ ಮನೋರೋಗಕ್ಕೂ ಪಾಲಿದೆ, ಕಾರ್ಡಿನಲ್ಲಿ ಎಷ್ಟಿದೆ ಅಂತ ವಿಚಾರಿಸಿ. ಆರೋಗ್ಯ ಸಚಿವಾಲಯದ ಸಹಾಯವಾಣಿ 937. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, "ಗುಣ ಇಲ್ಲ" ಅಂತ ನಡುವೆ ಬಿಡಬೇಡಿ. ಯಾರಾದರೂ ಸಾಯುವ ಮಾತಾಡಿದರೆ ತಮಾಷೆ ಅಂದುಕೊಳ್ಳದೆ, ಒಂಟಿಯಾಗಿ ಬಿಡದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಂಬುಲೆನ್ಸ್ ನಂಬರು 997.

ಇನ್ನೊಂದು ಎಚ್ಚರಿಕೆ. ಆತಂಕಕ್ಕೂ ನಿದ್ದೆಗೂ ಕೊಡುವ ಅಲ್‌ಪ್ರಜೋಲಾಮ್, ಕ್ಲೋನಜೆಪಾಮ್, ನರದ ನೋವಿನ ಪ್ರಿಗಾಬಾಲಿನ್ ಇಲ್ಲಿ ನಿಯಂತ್ರಿತ ಔಷಧಿಗಳು. ಡಾಕ್ಟರ ಚೀಟಿ, ವರದಿ, ಮೊದಲೇ ಪಡೆದ ಅನುಮತಿ ಇಲ್ಲದೆ ಊರಿಂದ ತರಬೇಡಿ. ಬೇರೆಯವರ ಮಾತ್ರೆ ಪೊಟ್ಟಣವನ್ನಂತೂ ಹಿಡಿದುಕೊಂಡು ಬರಲೇಬೇಡಿ.

ಊರಲ್ಲಿ ನಮ್ಮನ್ನು ಬಿಟ್ಟು ಇರುವವರ ಮನಸ್ಸೂ ದಣಿಯುತ್ತದೆ. ಅವರಿಗೆ, ರಜೆಗೆ ಹೋದ ನಮಗೂ, ಟೆಲಿ-ಮಾನಸ್ ಇದೆ. ನಂಬರು 14416. 2022ರ ಅಕ್ಟೋಬರ್ 10ರಿಂದ ಹಗಲೂ ರಾತ್ರಿ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ. ಈ ಶುಕ್ರವಾರ ಮನೆಗೆ ಫೋನ್ ಮಾಡಿದಾಗ ಈ ನಂಬರು ಬರೆಸಿಬಿಡಿ. ಹಾಗೇ "ನಿನಗೆ ನಿದ್ದೆ ಸರಿಯಾಗಿ ಬರ್ತದಾ?" ಅಂತ ಕೇಳಿ. ಅವರು ಅದನ್ನೇ ತಿರುಗಿ ಕೇಳಿದರೆ, ಈ ಸಲವಾದರೂ ಇದ್ದದ್ದನ್ನು ಇದ್ದ ಹಾಗೆ ಹೇಳೋಣ.