ಬಳ್ಳಾರಿಯಿಂದ ಹಿರಿಯೂರಿಗೆ: ಮಾಗಿಯಲ್ಲೊಂದು ಮೋಟಾರು ಪ್ರಯಾಣ

ಧನುರ್ಮಾಸ ಕಾಲಿಟ್ಟಿತೆಂದರೆ ನಮ್ಮ ಪಟ್ಟಣಗಳ ಮನೆಮನೆಯಲ್ಲಿಯೂ ಎರಡು ಮಾತುಗಳು ಕೇಳಿಬರುತ್ತವೆ. ಮೊದಲನೆಯದು ಚಳಿಯ ಮಾತು. ಎರಡನೆಯದು ಮಕ್ಕಳ ರಜೆಯಲ್ಲಿ ಎಲ್ಲಿಗೆ ಹೋಗಬೇಕೆಂಬ ಮಾತು. ಹಂಪಿಗೆ ಹೋಗಿಬರುವವರ ಸಂಖ್ಯೆ ಈ ತಿಂಗಳಲ್ಲಿ ವಿಶೇಷ. ಹಂಪಿಯನ್ನು ನೋಡಿ, ಬಳ್ಳಾರಿಯಲ್ಲಿ ಬಂಧುಗಳ ಮನೆಯಲ್ಲೊಂದು ರಾತ್ರಿ ತಂಗಿ, ಮರುದಿನ ತೆಂಕಣಕ್ಕೆ ಹಿಂದಿರುಗುವ ಸಂಸಾರಗಳು ಎಷ್ಟೋ ಉಂಟು. ಆದರೆ ಬಳ್ಳಾರಿಯನ್ನು ಬಿಟ್ಟಮೇಲೆ ಹಿರಿಯೂರು ಬರುವತನಕ ಕಾರಿನಲ್ಲಿ ಎಲ್ಲರಿಗೂ ನಿದ್ರೆ. “ಬರಿಯ ಬಯಲು, ನೋಡುವಂಥದೇನಿದೆ?” ಎಂಬುದು ಸಾಮಾನ್ಯ ಅಭಿಪ್ರಾಯ. ಈ ಅಭಿಪ್ರಾಯವು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ವಾರ ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ದಾರಿಯ ವಿಚಾರ. ಇದು ಈಗ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಹೊರಟು, ಮಸ್ಕಿ, ಸಿಂಧನೂರು, ಬಳ್ಳಾರಿ, ಚಳ್ಳಕೆರೆ, ಹಿರಿಯೂರುಗಳ ಮೇಲೆ ಹಾದು, ಮೈಸೂರನ್ನು ಮುಟ್ಟಿ ಚಾಮರಾಜನಗರದಲ್ಲಿ ಕೊನೆಗಾಣುತ್ತದೆ. ನಾಡಿನ ಬಡಗಣ ತುದಿಯಿಂದ ತೆಂಕಣ ತುದಿಗೆ ಎಳೆದ ಗೆರೆಯೆನ್ನಬಹುದು. ಇದಕ್ಕೆ ಎದುರಾಗಿ ಒಂದು ಹೊಳೆ ಹರಿಯುತ್ತದೆ. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟಿದ ವೇದಾವತಿ ಹಿರಿಯೂರನ್ನು ದಾಟಿ ಬಡಗಣಕ್ಕೆ ಹೊರಳಿ, ಚಳ್ಳಕೆರೆ ತಾಲ್ಲೂಕಿನ ಮೂಲಕ ಆಂಧ್ರವನ್ನು ಹೊಕ್ಕು, ಬಳ್ಳಾರಿಯ ಕಡೆ ‘ಹಗರಿ’ ಎಂಬ ಹೆಸರಿನಿಂದ ಸಾಗಿ ತುಂಗಭದ್ರೆಯನ್ನು ಸೇರುತ್ತದೆ. ವರ್ಷದ ಹೆಚ್ಚಿನ ದಿನಗಳಲ್ಲಿ ಅದರಲ್ಲಿ ನೀರಿಗಿಂತ ಮರಳೇ ಹೆಚ್ಚು. ಸಹ್ಯಾದ್ರಿಯು ಮುಂಗಾರಿನ ಮೋಡಗಳನ್ನು ತಡೆದು ಹಿಂಡಿಕೊಂಡಮೇಲೆ ಉಳಿದದ್ದಷ್ಟೇ ಈ ಸೀಮೆಯ ಪಾಲು. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಸೇರಿವೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಕಾಣುವುದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಬಳ್ಳಾರಿಯನ್ನು ಬೆಳಗಿನ ಆರು ಗಂಟೆಗೇ ಬಿಡುವುದು ಲೇಸು. ಮೊಳಕಾಲ್ಮೂರು ತಾಲ್ಲೂಕನ್ನು ಹೊಕ್ಕ ಮೇಲೆ ಹೆದ್ದಾರಿಯನ್ನು ತೊರೆದು ಪೂರ್ವಕ್ಕೆ ಹೊರಳಿದರೆ ಬಂಡೆಗಲ್ಲಿನ ಬೆಟ್ಟಗಳ ನಡುವೆ ಸಿದ್ದಾಪುರ ಸಿಕ್ಕುತ್ತದೆ. ಜನ ಇದನ್ನು ‘ಅಶೋಕ ಸಿದ್ದಾಪುರ’ ಎನ್ನುತ್ತಾರೆ. ಸಿದ್ದಾಪುರ, ಅದರ ಬಳಿಯ ಬ್ರಹ್ಮಗಿರಿ, ಜಟಿಂಗ ರಾಮೇಶ್ವರ, ಈ ಮೂರು ಎಡೆಗಳಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು.

ಮಕ್ಕಳಿಗೆ ಇಲ್ಲಿ ಹೇಳಬೇಕಾದ ಕಥೆ ಬಹಳ ಸ್ವಾರಸ್ಯವಾಗಿದೆ. ಶಾಸನ ಆರಂಭವಾಗುವುದು ಒಂದು ಕಾಗದದ ಹಾಗೆ. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲದಲ್ಲಿದ್ದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಅನಂತರ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುತ್ತಾರೆ. ತಂದೆತಾಯಿಯರ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದೇ ಅದರ ಸಾರ. ಯುದ್ಧದ ಮಾತಿಲ್ಲ, ತೆರಿಗೆಯ ಮಾತಿಲ್ಲ. ಶಾಸನದಲ್ಲಿ ಬರುವ 256 ಎಂಬ ಸಂಖ್ಯೆಯು ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ವಿದ್ವಾಂಸರಲ್ಲಿ ಬಹುಮಂದಿ ಅರ್ಥಮಾಡಿದ್ದಾರೆ. ಎರಡು ರಾತ್ರಿಯ ಪ್ರವಾಸಕ್ಕೆ ನಾಲ್ಕು ಪೆಟ್ಟಿಗೆ ಕಟ್ಟುವ ನಾವು ಇದನ್ನು ಗಮನಿಸಬೇಕು!

ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಉಳಿದೆಲ್ಲವೂ ಬ್ರಾಹ್ಮಿ ಲಿಪಿಯಲ್ಲಿದ್ದರೆ, ‘ಲಿಪಿಕಾರ’ ಎಂಬ ತನ್ನ ವೃತ್ತಿಯ ಹೆಸರನ್ನು ಮಾತ್ರ ಆತ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿಯಾದರೋ ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ವಿದ್ಯೆಯನ್ನು ಕಲಿತವನೊಬ್ಬ ಈ ಬಂಡೆಗಳ ನಡುವೆ ಕುಳಿತು ಉಳಿ ಹಿಡಿದಿದ್ದನೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಇದೇ ಹೆದ್ದಾರಿಯ ಬಡಗಣ ಭಾಗದಲ್ಲಿರುವ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಕಾಣಿಸಿಕೊಂಡು, ‘ದೇವಾನಾಂಪ್ರಿಯ’ನು ಯಾರೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಬ್ರಹ್ಮಗಿರಿಯ ಬುಡದಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, ಬಳಿಕ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆದು ನೋಡಿದಾಗ, ನಯಗೊಳಿಸಿದ ಕಲ್ಲುಕೊಡಲಿಗಳನ್ನು ಬಳಸಿದ ಜನ, ಅವರ ಮೇಲೆ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದ ಜನ, ಅವರ ಮೇಲೆ ಶಾತವಾಹನರ ಕಾಲದ ಜನ, ಹೀಗೆ ಪದರಪದರವಾಗಿ ಬಾಳು ತೆರೆದುಕೊಂಡಿತು. “ಬರಿಯ ಬಯಲು” ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಜಟಿಂಗ ರಾಮೇಶ್ವರದ ಬೆಟ್ಟವನ್ನು ಬಿಸಿಲೇರುವುದರೊಳಗೆ ಹತ್ತಬೇಕು. ಸೀತೆಯನ್ನು ಕಾಪಾಡಲು ಹೋಗಿ ಜಟಾಯು ರೆಕ್ಕೆ ಮುರಿದು ಬಿದ್ದದ್ದು ಇಲ್ಲಿಯೇ ಎಂದು ಸ್ಥಳದವರ ನಂಬಿಕೆ. ಮೇಲಿನಿಂದ ಕಾಣುವ ನೋಟವೊಂದಕ್ಕಾಗಿಯೇ ಹತ್ತಬಹುದು. ಮೊಣಕಾಲು ನೋಯುವ ಹಿರಿಯರು ಕೆಳಗೆ ಹುಣಸೆಯ ನೆರಳಿನಲ್ಲಿ ಬುತ್ತಿಯನ್ನು ಕಾಯುತ್ತಿದ್ದರೆ ಪುಣ್ಯಕ್ಕೇನೂ ಕೊರತೆಯಾಗದು.

ಮುಂದಿನ ನಿಲ್ದಾಣ ಮೊಳಕಾಲ್ಮೂರು. ಇಲ್ಲಿಗೆ ಬಂದಾಗ ಗೃಹಿಣಿಯರ ನಿದ್ರೆ ತಾನಾಗಿಯೇ ಹಾರುತ್ತದೆ! ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ಇಲ್ಲಿಯ ರೇಷ್ಮೆ ಸೀರೆಯನ್ನು ಅರಿಯದವರಾರು? ಆದರೆ ಸೀರೆಯನ್ನು ಅಂಗಡಿಯಲ್ಲಿ ನೋಡುವುದು ಬೇರೆ, ಮಗ್ಗದ ಮೇಲೆ ನೋಡುವುದು ಬೇರೆ. ಓಣಿಯಲ್ಲಿ ಲಾಳಿಯ ಸದ್ದನ್ನು ಹಿಡಿದು ಹೋದರೆ ಸಾಕು, ಮನೆ ಸಿಕ್ಕುತ್ತದೆ. ನೇಕಾರನು ನೆಲದ ಗುಂಡಿಯಲ್ಲಿ ಕಾಲಿಳಿಸಿ ಕುಳಿತಿರುತ್ತಾನೆ. ಒಡಲಿಗೊಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ. ಎರಡೂ ಕೂಡುವೆಡೆಯಲ್ಲಿ ಎಳೆಯನ್ನು ಎಳೆಗೆ ಸಿಕ್ಕಿಸುತ್ತ ಹೋಗಬೇಕು. ಕಣ್ಣು ಒಂದು ಕ್ಷಣ ಆಚೀಚೆಯಾದರೆ ಇಡೀ ಅಂಚು ಕೆಡುತ್ತದೆ.

ನಾವು ಹೋದ ಮನೆಯ ಯಜಮಾನರು ಎಪ್ಪತ್ತರ ಸಮೀಪದವರು. ನಮ್ಮ ಮನೆಯವರು ಕೇಳಿದರು:

“ಯಜಮಾನ್ರೇ, ನಿಮ್ಮ ಮಕ್ಕಳೂ ಇದೇ ಕಸುಬು ಹಿಡಿದಿದ್ದಾರೆಯೆ?”

“ಎಲ್ಲಿ ಬಂತು ತಾಯಿ? ಮಗ ಬೆಂಗ್ಳೂರಾಗೆ ಅವ್ನೆ. ಗುಂಡಿಯಾಗೆ ಕುಂತ್ರೆ ಹೊಟ್ಟೆ ತುಂಬಾಕಿಲ್ಲ ಅಂತಾನೆ. ಅವನ ಮಾತು ಸುಳ್ಳಲ್ಲ ಬಿಡ್ರಿ. ಆದ್ರೆ ಅವನ ಮದುವೇಲಿ ಸೊಸೆ ಉಟ್ಟಿದ್ದು ಮಾತ್ರ ಈ ಮಗ್ಗದ್ದೇ.”

ಇದನ್ನು ಹೇಳುವಾಗ ಅವರ ಕೈ ನಿಲ್ಲಲಿಲ್ಲ. ಈ ಮಾತಿನಲ್ಲಿ ದೂರೂ ಇರಲಿಲ್ಲ. ಆದರೆ ವಿಷಯ ಗಂಭೀರವಾದದ್ದು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು 1985ರಲ್ಲಿಯೇ ಬಂದಿದ್ದರೂ, ವಿದ್ಯುತ್ ಮಗ್ಗದ ಅನುಕರಣೆಯ ಸೀರೆಗಳು ಅಗ್ಗದ ಬೆಲೆಗೆ ಪೇಟೆಯಲ್ಲಿ ಬೀಳುತ್ತವೆ. ನೋಡುವ ಕಣ್ಣಿಗೆ ಎರಡೂ ಒಂದೇ. ನೇಯುವವನ ಒಲೆಗೆ ಮಾತ್ರ ಒಂದೇ ಅಲ್ಲ. ಕೈಮಗ್ಗದ ಮುದ್ರೆ, ರೇಷ್ಮೆಯ ಮುದ್ರೆ ಎರಡನ್ನೂ ನೋಡಿ ಕೊಳ್ಳುವ ಅಭ್ಯಾಸವನ್ನು ನಮ್ಮ ಸೋದರಿಯರು ಬೆಳೆಸಿಕೊಳ್ಳಬೇಕು. ಮಗ್ಗದ ಮುಂದೆ ಕುಳಿತವರೊಡನೆ ನೂರಿನ್ನೂರಕ್ಕಾಗಿ ಚೌಕಾಶಿ ಮಾಡದಿರುವುದೂ ಒಂದು ಬಗೆಯ ಧರ್ಮವೇ.

ಮೊಳಕಾಲ್ಮೂರಿನಿಂದ ಹೆದ್ದಾರಿಗೆ ಮರಳಿ ತೆಂಕಣಕ್ಕೆ ಸಾಗಿದರೆ ತಳುಕು. ಊರು ಚಿಕ್ಕದು, ಆದರೆ ಧಾರಾವಾಹಿಗಾಗಿ ವಾರವಿಡೀ ಕಾಯುವ ನಮ್ಮ ವಾಚಕರು ಇಲ್ಲಿ ಒಂದು ಕ್ಷಣ ಇಳಿಯದೆ ಹೋಗಲಾಗದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ತಳುಕಿನವರು. ಕುವೆಂಪು ಅವರು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೇ. ‘ತ. ರಾ. ಸು.’ ಎಂಬಲ್ಲಿಯ ಮೊದಲ ಅಕ್ಷರವೂ ಈ ಊರಿನದೇ. ‘ದುರ್ಗಾಸ್ತಮಾನ’ವನ್ನು ಓದಿ ಕಣ್ಣೀರಿಟ್ಟವರು ಊರಿನ ಫಲಕವನ್ನಾದರೂ ಮಕ್ಕಳಿಗೆ ತೋರಿಸಬಹುದು. ಇಲ್ಲಿಂದ ಪಶ್ಚಿಮಕ್ಕೆ ಹೋದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಸನ್ನಿಧಿ. “ಮಾಡಿದಷ್ಟು ನೀಡು ಭಿಕ್ಷೆ” ಎಂಬುದು ಆ ಸ್ವಾಮಿಯ ಮಾತೆಂದು ಪ್ರಸಿದ್ಧಿ. ಮಳೆಯಿಲ್ಲದ ಸೀಮೆಯಲ್ಲಿ ದುಡಿಮೆಯ ಮೇಲೆಯೇ ಎಲ್ಲ ನಿಂತಿರುವಾಗ, ಇದಕ್ಕಿಂತ ಒಪ್ಪುವ ಮಾತು ಇನ್ನಾವುದಿದ್ದೀತು?

ಮಧ್ಯಾಹ್ನದ ಹೊತ್ತಿಗೆ ಚಳ್ಳಕೆರೆ. ಶೇಂಗಾ ಬೆಳೆಯುವ ಸೀಮೆಯ ನಡುವೆ ಎಣ್ಣೆಯ ಗಿರಣಿಗಳಿಂದ ‘ಎಣ್ಣೆ ನಗರ’ವೆಂದು ಹೆಸರು ಪಡೆದ ಊರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳನ್ನು ಮುಗಿಸಿ, ಕಂಬಳಿಯ ವ್ಯಾಪಾರವನ್ನು ನೋಡಬೇಕು. ಮಾಗಿಯಲ್ಲಿ ಕಂಬಳಿಗೆ ಮಿಗಿಲಾದ ಪದಾರ್ಥವಿಲ್ಲವಷ್ಟೆ. ಕರಿಯ ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ಹುಣಸೆಬೀಜದ ಸರಿಯನ್ನು ಬಳಿದು ಬಿಗಿಮಾಡಿ ನೇಯುತ್ತಾರೆ. ಮುಟ್ಟಲು ಒರಟು, ಆದರೆ ಮಳೆಗೂ ಚಳಿಗೂ ಕುರಿಗಾಹಿಗೆ ಇದೇ ಮನೆ.

ಕಂಬಳಿಗೆ ಕುರಿ ಬೇಕು, ಕುರಿಗೆ ಹುಲ್ಲು ಬೇಕು. ಹುಲ್ಲಿನ ಕಥೆ ಚಳ್ಳಕೆರೆಯ ನಿಜವಾದ ಕಥೆ. ಈ ತಾಲ್ಲೂಕಿನ ವಿಶಾಲವಾದ ಹುಲ್ಲುಗಾವಲುಗಳು ‘ಅಮೃತಮಹಲ್ ಕಾವಲು’ಗಳು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯು ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಆಯಿತು. ಫಿರಂಗಿಗಳನ್ನು ಎಳೆಯುತ್ತಿದ್ದ ಆ ಹೆಸರಾಂತ ಎತ್ತುಗಳಿಗಾಗಿ ಇಂಥ ಕಾವಲುಗಳನ್ನು ಕಾಯ್ದಿರಿಸಿದ್ದರು. ರಾಜ್ಯಗಳು ಹೋದರೂ ಹುಲ್ಲು ಉಳಿಯಿತು. ಸುತ್ತಣ ಹಳ್ಳಿಗಳ ಕುರಿ, ಮೇಕೆ, ದನಗಳೂ, ಮ್ಯಾಸಬೇಡರು ಭಕ್ತಿಯಿಂದ ಸಾಕುವ ‘ದೇವರ ಎತ್ತು’ಗಳೂ ಅಲ್ಲಿ ಮೇಯುತ್ತಿದ್ದವು.

2010ರ ಆಸುಪಾಸಿನಲ್ಲಿ ಸುಮಾರು 10,000 ಎಕರೆ ಕಾವಲನ್ನು ಸರ್ಕಾರವು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ವಹಿಸಿಕೊಟ್ಟಿತು. ಹಳ್ಳಿಗರು ವಿರೋಧಿಸಿದರು, ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. 2017ರಲ್ಲಿ ಇಲ್ಲಿ ವಿಮಾನ ಪರೀಕ್ಷಾ ಕ್ಷೇತ್ರದ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯ ಮರುಬಳಕೆಯ ವಾಹನವೊಂದನ್ನು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಚಾಲಕನಿಲ್ಲದೆ ತಾನೇ ಇಳಿದು ಓಡುದಾರಿಯಲ್ಲಿ ನಿಂತಿತು. 2024ರಲ್ಲಿ ಮತ್ತೆರಡು ಬಾರಿ ಹೀಗೆಯೇ ಇಳಿಯಿತು. ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಶಾಲಾಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಇವೆಲ್ಲವೂ ನಾಡು ಹೆಮ್ಮೆಪಡತಕ್ಕ ಕೆಲಸಗಳೇ.

ಆದರೆ ರಸ್ತೆಯ ಬದಿಯಲ್ಲಿ ಸಿಕ್ಕ ಕುರಿಗಾಹಿಯೊಬ್ಬನ ಮಾತನ್ನೂ ಬರೆಯಬೇಕು.

“ಮೊದ್ಲು ಬೆಳಗ್ಗೆ ಬಿಟ್ರೆ ಸಂಜೆಗಂಟ ಒಂದೇ ಬಯಲಾಗೆ ಮೇಯ್ತಿದ್ವು ಸ್ವಾಮಿ. ಈಗ ಗೋಡೆ ಸುತ್ಕಂಡು ಹೋಗ್ಬೇಕು. ಅದ್ರೊಳಗೆ ಏನ್ ಮಾಡ್ತಾರೆ ಅಂತ ನಮ್ ಹುಡ್ಗ ಹೇಳ್ತಾನೆ, ಒಳ್ಳೇದೇ ಇರ್ಬೋದು. ಕುರಿಗೆ ಹೇಳಾದು ಯಾರು?”

ದೇಶಕ್ಕೆ ವಿಮಾನವೂ ಬೇಕು, ಕಂಬಳಿಯೂ ಬೇಕು. ಹುಲ್ಲುಗಾವಲನ್ನು ‘ಪಾಳುಭೂಮಿ’ಯೆಂದು ಬರೆದಿಡುವ ಲೇಖನಿಯೇ ಇಲ್ಲಿ ತೊಡಕಿನ ಮೂಲ. ಕೃಷ್ಣಮೃಗ ಓಡಾಡುವ, ಸಾವಿರಾರು ಕುರಿಗಳು ಹೊಟ್ಟೆ ಹೊರೆಯುವ ನೆಲ ಪಾಳು ಹೇಗಾದೀತು? ಕಾರಿನ ಕಿಟಕಿಯಿಂದ “ನೋಡುವಂಥದೇನಿದೆ” ಎನ್ನುವ ನಾವು, ಕಡತದಲ್ಲಿ ‘ಪಾಳು’ ಎನ್ನುವವರಿಗಿಂತ ಬಹಳ ದೂರದಲ್ಲಿಲ್ಲ. ನೋಡದೆ ಹಾದುಹೋದ ನೆಲಕ್ಕೆ ಬೆಲೆ ಕಟ್ಟುವವರು ಬೇರೆಯವರೇ ಆಗುತ್ತಾರೆ.

ಸಂಜೆಯ ಹೊತ್ತಿಗೆ ಹಿರಿಯೂರಿನ ಬಳಿಯ ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಕನ್ನಂಬಾಡಿಗಿಂತ ಹಿರಿಯ ಕಟ್ಟೆಯಿದು. 1933ರಲ್ಲಿ ಪೂರ್ಣ ತುಂಬಿ ಹರಿದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ! ಎಂಬತ್ತೊಂಬತ್ತು ವರ್ಷ ಕಾದ ಕಟ್ಟೆಯನ್ನು ನೋಡಲು ಅಂದು ಊರಿಗೆ ಊರೇ ನೆರೆಯಿತು. ಅಜ್ಜಂದಿರು ಹೇಳಿದ್ದನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಪೂರ್ಣವಾಗಿ ಬಂದರೆ ಈ ಬಯಲಿನ ಬಣ್ಣವೇ ಬದಲಾಗಬಹುದೆಂದು ಜನ ಎದುರುನೋಡುತ್ತಿದ್ದಾರೆ. 2023ರ ಕೇಂದ್ರ ಮುಂಗಡಪತ್ರದಲ್ಲಿ ಅದಕ್ಕೆ 5,300 ಕೋಟಿ ರೂಪಾಯಿಗಳನ್ನು ಘೋಷಿಸಿದ್ದು ವಾಚಕರಿಗೆ ನೆನಪಿರಬಹುದು.

ಹೊರಡುವವರಿಗೆ ಕೆಲವು ಸೂಚನೆಗಳು. ಕುಡಿಯುವ ನೀರನ್ನು ಧಾರಾಳವಾಗಿ ಒಯ್ಯಿರಿ. ಬೆಳಗಿನ ಚಳಿಗೆ ಶಾಲು, ಹನ್ನೊಂದರ ಬಿಸಿಲಿಗೆ ಟೋಪಿ, ಎರಡೂ ಜೊತೆಯಲ್ಲಿರಲಿ. ಶಾಸನದ ಬಂಡೆಯನ್ನು ಕೈಯಿಂದ ಉಜ್ಜಬೇಡಿರಿ; ಮಕ್ಕಳು ಅದರ ಸುತ್ತ ತಮ್ಮ ಹೆಸರು ಕೆತ್ತದಂತೆ ಎಚ್ಚರವಿರಲಿ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಅವಸರ ಬೇಡ. ಚಳ್ಳಕೆರೆಯಲ್ಲೋ ಹಿರಿಯೂರಿನಲ್ಲೋ ಒಂದು ರಾತ್ರಿ ತಂಗಿದರೆ ಖರ್ಚು ಸ್ವಲ್ಪ ಹೆಚ್ಚಾಗಬಹುದು. ಆದರೆ ಆ ಹಣ ಈ ಸೀಮೆಯ ಜನರ ಕೈಗೆ ಸೇರುತ್ತದೆ. ಒಂದು ಕಂಬಳಿ, ಒಂದು ಚೀಲ ಶೇಂಗಾ, ಶಕ್ತಿಯಿದ್ದವರು ಒಂದು ಸೀರೆ ಕೊಂಡು ತಂದರೆ, ಬಳಸಿದಾಗಲೆಲ್ಲ ಯಾರ ಕೈಯ ಕೆಲಸವೆಂಬುದು ಮನೆಯವರಿಗೆಲ್ಲ ನೆನಪಿರುತ್ತದೆ.