ಆಸ್ಪತ್ರೆಗಿಂತ ಮೊದಲು ಗದ್ದೆಗೆ ಬನ್ನಿ: ಹಕ್ಕೊತ್ತಾಯ ಪತ್ರ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ಉಡುಪಿ ಜಿಲ್ಲೆ

ಇವರಿಂದ: ಉಡುಪಿ, ಕಾಪು, ಕಾರ್ಕಳ ತಾಲೂಕುಗಳ ಗದ್ದೆ ಕೆಲಸದವರು, ರಬ್ಬರ್ ಟ್ಯಾಪಿಂಗ್ ಮಾಡುವವರು, ಬಾವಿ ನೀರನ್ನೇ ನಂಬಿದ ಮನೆಯವರು

ಮಾನ್ಯರೇ,

ಮಣಿಪಾಲದಲ್ಲಿ 1953ರಲ್ಲೇ ವೈದ್ಯಕೀಯ ಕಾಲೇಜು ಶುರುವಾಯಿತು. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನ ಸಾವುಗಳಿಗೆ ನಿಫಾ ಕಾರಣವೆಂದು ಪತ್ತೆ ಮಾಡಿದ್ದೂ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರ. ಇಂಥ ಜಿಲ್ಲೆಯಲ್ಲೂ ಮಳೆಗಾಲ ಬಂತೆಂದರೆ ಇಲಿ ಜ್ವರ, ಡೆಂಗಿ ತಪ್ಪುವುದಿಲ್ಲ. ರೋಗ ಹುಟ್ಟುವುದು ನಮ್ಮ ಗದ್ದೆ, ತೋಟ, ತೋಡುಗಳಲ್ಲಿ. ಅಲ್ಲಿಗೆ ಆರೋಗ್ಯ ಇಲಾಖೆಯವರು ಬರುವುದು ಜ್ವರ ಬಂದ ಮೇಲೆ. ಈ ಕ್ರಮ ಬದಲಾಗಬೇಕು.

1. ಇಲಿ ಜ್ವರದ ಮಾತ್ರೆ ನಾಟಿಗೆ ಮೊದಲೇ ಸಿಗಲಿ. ಇಲಿ, ದನ, ನಾಯಿಗಳ ಮೂತ್ರದೊಂದಿಗೆ ಲೆಪ್ಟೋಸ್ಪೈರಾ ಬ್ಯಾಕ್ಟೀರಿಯಾ ಗದ್ದೆ ನೀರಿಗೆ ಸೇರುತ್ತದೆ. ಕಾಲಿನಲ್ಲೊಂದು ಗೀರು ಇದ್ದರೆ ಸಾಕು, ಮೈಯೊಳಗೆ ಹೊಗುತ್ತದೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ತಡವಾದರೆ ಕಾಮಾಲೆ, ಮೂತ್ರಪಿಂಡದ ತೊಂದರೆ. ಗಂಬೂಟು ಹಾಕಿ ಎನ್ನುತ್ತಾರೆ. ಮೊಣಕಾಲು ಹೂತುಹೋಗುವ ಕೆಸರಿನಲ್ಲಿ ಗಂಬೂಟು ಹಾಕಿಕೊಂಡು ನೇಜಿ ನೆಡಲಾಗದು ಎಂಬುದು ನೆಟ್ಟ ಹೆಂಗಸರಿಗೆಲ್ಲ ಗೊತ್ತು. ಅಪಾಯದಲ್ಲಿರುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಯಾರಿಗೆ ಕೊಡಬಹುದು, ಯಾರಿಗೆ ಕೂಡದು ಎಂದು ನೋಡಿ ಪಟ್ಟಿ ಮಾಡಲಿ. ಮೇ ಕೊನೆಗೆ ಮಾತ್ರೆ ಆಶಾ ಕಾರ್ಯಕರ್ತೆಯರ ಕೈಯಲ್ಲಿರಲಿ. ಮಟ್ಟುವಿನ ಗುಳ್ಳ ಬದನೆ ಬೆಳೆಗಾರರನ್ನು ಮರೆಯಬೇಡಿ. ಹಡಿಲು ಬಿದ್ದ ಗದ್ದೆಗಳು ಇಲಿಗಳ ಬಿಡಾರವಾಗಿವೆ. ಒಬ್ಬೊಬ್ಬರೇ ಇಲಿ ಹಿಡಿದು ಮುಗಿಯುವ ಕೆಲಸ ಇದಲ್ಲ. ಇಡೀ ಬೈಲಿಗೆ ಒಂದೇ ಸಲ ಇಲಿ ನಿಯಂತ್ರಣವನ್ನು ಕೃಷಿ ಇಲಾಖೆ ನಡೆಸಬೇಕು.

2. ಕಾರ್ಕಳದ ತೋಟಗಳಲ್ಲಿ ಚಿರಟೆ ಕವುಚಿಸುವ ಹೊಣೆ ಪಂಚಾಯತ್ ಹೊರಲಿ. ಮಳೆಗೆ ಟ್ಯಾಪಿಂಗ್ ನಿಂತಾಗ ರಬ್ಬರ್ ಮರದ ಚಿರಟೆ, ಅಡಿಕೆ ಮರದಡಿಯ ಹಾಳೆ, ಎರಡರಲ್ಲೂ ನೀರು ನಿಲ್ಲುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ಹೊಗೆ ಬಿಟ್ಟರೆ ಹಾರುವ ಸೊಳ್ಳೆ ಸಾಯುತ್ತದೆ, ನೀರೊಳಗಿನ ಮರಿ ಸಾಯುವುದಿಲ್ಲ. ಆದ್ದರಿಂದ ಹೊಗೆಯ ಹಣದ ಒಂದು ಪಾಲು ಕೂಲಿಗೆ ಹೋಗಲಿ: ವಾರಕ್ಕೊಮ್ಮೆ ತೋಟ ಸುತ್ತಿ ನೀರು ಚೆಲ್ಲುವವರಿಗೆ. ಮಾಲೀಕರು ಊರಲ್ಲಿಲ್ಲದ ತೋಟಗಳಿಗೆ ನೋಟಿಸ್ ಕೊಡಿ.

3. ಉಡುಪಿಯ ಇಂದ್ರಾಣಿ ನದಿಗೆ ಕೊಳಚೆ ಬಿಡುವುದು ನಿಲ್ಲಲಿ. ನಮ್ಮದು ಮುರಕಲ್ಲಿನ ನೆಲ. ಹೊಳೆಯ ಕೊಳಕು ಬಾವಿಗೆ ಇಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ದಂಡೆಯ ಬಾವಿಗಳ ನೀರನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ವಾರ್ಡಿನಲ್ಲಿ ಅಂಟಿಸಿ. ಕೆಟ್ಟ ಬಾವಿಯ ಮನೆಗೆ ಅಂದೇ ನಳ್ಳಿ ನೀರು ಕೊಡಿ.

4. ಮಂಗ ಸತ್ತರೆ ಅದೇ ದಿನ ಸುದ್ದಿ ಮುಟ್ಟಲಿ. ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಮಂಗಗಳ ಸಾವೇ ಮೊದಲ ಎಚ್ಚರಿಕೆಯಾಗಿತ್ತು. ಆ ಕಾಯಿಲೆಯ ಹಳೆಯ ಲಸಿಕೆ ನಿಂತಿದೆ. ಹಾಗಾಗಿ ಮಾಳ, ಹೆಬ್ರಿ ಕಡೆ ಸೊಪ್ಪು ಸೌದೆಗೆ ಕಾಡಿಗೆ ಹೋಗುವವರಿಗೆ ಉಣುಗು ತಡೆಯುವ ತೈಲ ಡಿಸೆಂಬರಿಗೆ ಮೊದಲೇ ತಲುಪಬೇಕು.

5. ಎಲ್ಲೂರಿನ 1200 ಮೆಗಾವಾಟ್ ಕಲ್ಲಿದ್ದಲು ಸ್ಥಾವರದ ಸುತ್ತಲಿನವರ, ಕಾರ್ಕಳದ ಕಲ್ಲುಕೋರೆ ಕಾರ್ಮಿಕರ ಶ್ವಾಸಕೋಶ ತಪಾಸಣೆ ವರ್ಷಕ್ಕೊಮ್ಮೆ ಆಗಲಿ, ವರದಿ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ.

6. ಆರೋಗ್ಯ, ಕೃಷಿ, ಅರಣ್ಯ, ಪಶುಸಂಗೋಪನೆ ಇಲಾಖೆಗಳು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕೂರಲಿ. ಆ ಸಭೆಯಲ್ಲಿ ಗದ್ದೆ ಕೆಲಸದ ಒಬ್ಬ ಹೆಂಗಸಿಗೂ ಕುರ್ಚಿ ಇರಲಿ.

ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಅದರೊಳಗೆ ಪ್ರತಿಯೊಂದು ಬೇಡಿಕೆಗೂ ಹೊಣೆಗಾರ ಅಧಿಕಾರಿಯ ಹೆಸರು, ಕೆಲಸ ಮುಗಿಸುವ ದಿನಾಂಕ ನಮೂದಿಸಿ ಲಿಖಿತ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ.