ಗೋಶಾಲೆಯ ಮೂತ್ರನಳಿಕೆಯೂ ಶ್ರಾವಕರ ಪ್ರಮಾದವೂ

ಕಟುಕನ ಕೈಯಿಂದ ಗಂಡುಕರುವೊಂದನ್ನು ಬಿಡಿಸಿ ಗೋಶಾಲೆಗೆ ಸೇರಿಸಿದೊಡನೆ ಜೀವದಯೆ ಪೂರ್ಣವಾಯಿತೆಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ಇದು ತಪ್ಪು. ಅಲ್ಲಿಂದ ಮುಂದೆ ಆ ಪ್ರಾಣಿ ಅನುಭವಿಸುವ ತಪ್ಪಿಸಬಹುದಾದ ನೋವೆಲ್ಲವೂ ಬಿಡಿಸಿದವರ ಖಾತೆಗೇ ಜಮೆಯಾಗುತ್ತದೆ.

ಹೋರಿ, ಎತ್ತು, ಹೋತಗಳ ಮೂತ್ರನಾಳ ಕಿರಿದು, ಬಾಗುಬಾಗಾದುದು. ಕುಡಿಯುವ ನೀರು ಕಡಿಮೆಯಾಗಿ, ಭಕ್ತರು ಪುಣ್ಯಕ್ಕೆಂದು ತಂದು ಸುರಿಯುವ ಬೂಸಾ-ಧಾನ್ಯ ಅತಿಯಾದಾಗ ಹರಳುಗಟ್ಟಿ ಆ ಬಾಗಿನಲ್ಲಿ ಸಿಲುಕುತ್ತದೆ, ಮೂತ್ರ ಕಟ್ಟುತ್ತದೆ. ಪಶುವೈದ್ಯರು ಹೊಟ್ಟೆ ಕೊಯ್ದು, ಮೂತ್ರಕೋಶಕ್ಕೆ ಫೋಲಿ ಕ್ಯಾಥೆಟರ್ ಎಂಬ ನಳಿಕೆಯನ್ನಿಟ್ಟು ಜೀವ ಉಳಿಸುತ್ತಾರೆ. ಅವರು ಹೊರಟ ಮೇಲೆ ನಳಿಕೆಯ ತುದಿ ಸಗಣಿಯಲ್ಲಿ ಹೊರಳುತ್ತದೆ. ಸೂಕ್ಷ್ಮಾಣುಗಳು ನಳಿಕೆಯ ಒಳಹೊರಗೆ ಲೋಳೆಯ ಪದರ ಕಟ್ಟಿಕೊಂಡು ಮೂತ್ರಕೋಶಕ್ಕೂ ಅಲ್ಲಿಂದ ಮೂತ್ರಪಿಂಡಕ್ಕೂ ಏರುತ್ತವೆ. ಆ ಪದರದೊಳಗೆ ಔಷಧ ಸುಲಭವಾಗಿ ಇಳಿಯದು. ಮುನ್ನೆಚ್ಚರಿಕೆಯೆಂದು ದಿನವೂ ಆಂಟಿಬಯೋಟಿಕ್ ಚುಚ್ಚಿದರೆ ಔಷಧಕ್ಕೆ ಬಗ್ಗದ ಸೂಕ್ಷ್ಮಾಣುಗಳು ಬೆಳೆಯುತ್ತವೆ, ಅಷ್ಟೆ.

ಬೇಕಾದುದು ದೊಡ್ಡ ಆಸ್ಪತ್ರೆಯಲ್ಲ. ಪ್ರತಿ ಪ್ರಾಣಿಗೂ ಮೊಹರು ಒಡೆಯದ ಹೊಸ ನಳಿಕೆ. ಮುಟ್ಟುವ ಮುನ್ನ ತೊಳೆದ ಕೈ, ಕೈಗವಸು. ಮೂತ್ರಕೋಶಕ್ಕಿಂತ ಕೆಳಗೆ ಕಟ್ಟಿದ ಮುಚ್ಚಿದ ಚೀಲ, ಇಲ್ಲವೇ ಒಮ್ಮುಖ ಕವಾಟ. ದಿನವೂ ಬದಲಿಸುವ ಒಣಹುಲ್ಲಿನ ಹಾಸು. ಸಹಜಮಾರ್ಗದಲ್ಲಿ ಮೂತ್ರ ಬರುತ್ತಿದೆಯೇ ಎಂದು ವೈದ್ಯರು ಪರೀಕ್ಷಿಸಿ, ಬಂದರೆ ನಳಿಕೆಯನ್ನು ತಡಮಾಡದೆ ತೆಗೆಯಬೇಕು. ಇವೆಲ್ಲಕ್ಕೂ ಮೊದಲು, ಸದಾ ತುಂಬಿದ ನೀರಿನ ತೊಟ್ಟಿ.

ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರಾವಣ ಹಿಂಸೆಯಲ್ಲವೇ ಎಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ಮನೆಯಲ್ಲಿ ನೀರನ್ನು ಸೋಸಿ ಕಾಯಿಸಿ ಮುನಿಗಳಿಗೆ ಆಹಾರದಾನ ಮಾಡುವವರ ಬಾಯಲ್ಲಿ ಈ ಪ್ರಶ್ನೆ ವಿಚಿತ್ರವಾಗಿದೆ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ವರ್ಜ್ಯ. ಆರಂಭೀ ಹಿಂಸೆ ಪೂರ್ತಿಯಾಗಿ ತಪ್ಪದು, ಯತ್ನಾಚಾರದಿಂದ ಅದನ್ನು ಕುಗ್ಗಿಸಬಹುದು. ಕೊಳೆಯಲ್ಲಿ ಅಸಂಖ್ಯ ಜೀವಿಗಳು ಹುಟ್ಟಿ ಸಾಯುವಂತೆ ಬಿಟ್ಟು, ಜೊತೆಗೆ ಪಂಚೇಂದ್ರಿಯ ಜೀವಿಯನ್ನೂ ನರಳಿಸುವುದು ಯಾವ ಲೆಕ್ಕದಲ್ಲಿ ಕಡಿಮೆ ಹಿಂಸೆ? ಅಂಗಡಿಯ ಲೆಕ್ಕದಲ್ಲೂ ಇದು ನಿಲ್ಲದು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಒಣಗಿದ ತೊಟ್ಟಿಯ ಮುಂದೆ ಕಟ್ಟಿಹಾಕಿದ ಎತ್ತಿನ ವಿಷಯದಲ್ಲಿ ಮೊದಲನೆಯದೂ ಕೊನೆಯದೂ ಒಟ್ಟಿಗೇ ಘಟಿಸುತ್ತವೆ, ಅದೂ ಧರ್ಮದ ಫಲಕದ ಕೆಳಗೆ.

ಟ್ರಸ್ಟುಗಳ ವಾರ್ಷಿಕ ವರದಿಗಳಲ್ಲಿ ಬಿಡಿಸಿದ ಪ್ರಾಣಿಗಳ ಸಂಖ್ಯೆ ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ನಳಿಕೆಯಿಟ್ಟವುಗಳಲ್ಲಿ ಎಷ್ಟು ಬದುಕಿದವು, ಎಷ್ಟಕ್ಕೆ ಸೋಂಕು ತಗುಲಿತು, ನಳಿಕೆ ಎಷ್ಟು ದಿನ ಇತ್ತು ಎಂಬ ಕಲಮುಗಳು ಅಲ್ಲಿರುವುದಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಲೆಕ್ಕಪತ್ರಕ್ಕೆ ಮಂಜೂರಾತಿ ಕೊಡುವ ಮುನ್ನ, ಸದಸ್ಯರು ಇದನ್ನೇ ಕೇಳಲಿ.